ಕಿತ್ತಳೆ ಕೋಟಿನ ಫಿಲೆಮೊನ್

ಹಿಮ ಬೀಳಿಸುವುದು ದೇವರ ಕೆಲಸ, ಅದನ್ನು ಎತ್ತುವುದು ನಗರಸಭೆಯ ಕೆಲಸ. ನಮ್ಮ ಸೇಂತ್-ಒದಿಲ್ ಊರಿನವರು ದೇವರನ್ನು ಅಷ್ಟಾಗಿ ಬಯ್ಯುವುದಿಲ್ಲ, ಏಕೆಂದರೆ ನಗರಸಭೆಗಾದರೆ ಫೋನ್ ಮಾಡಬಹುದು. ಪಾರಾದಿ ಬೀದಿಯ ಮೂಲೆಯಲ್ಲಿ ನನ್ನದೊಂದು ಅಂಗಡಿ. ಹಾಲು, ಬ್ರೆಡ್ಡು, ಬಿಯರು, ಸಲಿಕೆ, ಉಪ್ಪಿನ ಚೀಲ. ಕ್ವಿಬೆಕ್‌ನ ಚಳಿಗಾಲದಲ್ಲಿ ಈ ಅಂಗಡಿಗೆ ಬಂದವರು ಮೊದಲು ಹಿಮವನ್ನು ಬಯ್ದು, ಆಮೇಲೆ ಹಿಮ ತೆಗೆಯುವವರನ್ನು ಬಯ್ದು, ಕೊನೆಗೆ ತಮಗೇನು ಬೇಕಿತ್ತೆಂಬುದನ್ನು ಮರೆತು ಮನೆಗೆ ಹೋಗುತ್ತಾರೆ. ಬಯ್ಯದೆ ಹಾಲು ಕೊಂಡು ಹೋಗುತ್ತಿದ್ದವನು ಒಬ್ಬನೇ, ಫಿಲೆಮೊನ್ ಜೆರ್ವೆ.

ಫಿಲೆಮೊನ್ ದೊಡ್ಡ ರಸ್ತೆಯಲ್ಲಿರುವ ಹಾಸಿಗೆ ಅಂಗಡಿಯಲ್ಲಿ ಹಾಸಿಗೆ ಮಾರುತ್ತಿದ್ದ. ಐವತ್ತು ದಾಟಿದ ಮನುಷ್ಯ, ಗುಂಡು ಮುಖ, ಸಾಧು ಸ್ವಭಾವ. ಅವನಲ್ಲಿ ಇದ್ದ ದೋಷ ಒಂದೇ. 'ನನಗೆ ಗೊತ್ತಿಲ್ಲ' ಎನ್ನುವ ಮಾತು ಅವನ ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. ಪರ ಊರಿನವರು ದಾರಿ ಕೇಳಿದರೆ ಕೈ ಎತ್ತಿ ಯಾವುದಾದರೂ ಒಂದು ದಿಕ್ಕು ತೋರಿಸಿಯೇಬಿಡುತ್ತಿದ್ದ. ಅವರು ಎಲ್ಲಿಗೆ ಹೋಗಿ ಸೇರಿದರೋ ಆ ದೇವರೇ ಬಲ್ಲ. ಹೆಂಡತಿ ಗಿಸ್ಲೆನ್ ಇದಕ್ಕೆ ಹೊಂದಿಕೊಂಡಿದ್ದಳು. ಹೊಂದಿಕೊಳ್ಳದವರು ಅವಳ ತಾಯಿ ಫೆರ್ನಾಂದ್ ಅಮ್ಮ. ಆ ವರ್ಷ ಶರತ್ಕಾಲದಲ್ಲಿ ಸೊಂಟ ನೋವೆಂದು ಮಗಳ ಮನೆಗೆ ಬಂದವರು, ಸೊಂಟ ಸರಿಹೋದ ಮೇಲೂ ಅಲ್ಲೇ ಉಳಿದರು. ಅಳಿಯನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎದುರಿಗೆ 'ಅಳಿಯಂದ್ರು', ಬೆನ್ನ ಹಿಂದೆ 'ಅದು'.

ಆ ಡಿಸೆಂಬರಿನಲ್ಲಿ ಫಿಲೆಮೊನ್‌ನ ಕೋಟಿನ ಜಿಪ್ಪು ಕಿತ್ತುಹೋಯಿತು. ಅದೇ ವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಳೆ ಬಟ್ಟೆಗಳ ಮಾರಾಟವಿತ್ತು. ಅಲ್ಲಿ ಅವನಿಗೆ ಒಂದು ಕೋಟು ಸಿಕ್ಕಿತು. ಒಳಗೆ ದಪ್ಪ ಉಣ್ಣೆ, ಹೊರಗೆ ಉರಿಯುವ ಕಿತ್ತಳೆ ಬಣ್ಣ, ಎದೆಗೂ ಬೆನ್ನಿಗೂ ಫಳಫಳ ಹೊಳೆಯುವ ಬೆಳ್ಳಿ ಪಟ್ಟಿ. ಹಾಕಿಕೊಂಡು ಮನೆಗೆ ಬಂದವನನ್ನು ಫೆರ್ನಾಂದ್ ಅಮ್ಮ ಕನ್ನಡಕ ಏರಿಸಿ ನೋಡಿ, "ಅಳಿಯಂದ್ರನ್ನ ರಸ್ತೆ ಮಧ್ಯ ನಿಲ್ಲಿಸಿದ್ರೆ ಜನ ಗುಂಡಿ ಇದೆ ಅಂತ ಪಕ್ಕಕ್ಕೆ ಹೋಗ್ತಾರೆ" ಅಂದರಂತೆ. ಆದರೆ ಕೋಟು ಬೆಚ್ಚಗಿತ್ತು. ಫಿಲೆಮೊನ್ ಅದನ್ನು ಬಿಡಲಿಲ್ಲ.

ಮೊದಲ ದೊಡ್ಡ ಹಿಮ ಬಿದ್ದು ನಿಂತ ಬೆಳಿಗ್ಗೆ ನಮ್ಮ ಬೀದಿಗೆ ಗಾಡಿಗಳ ದಂಡು ಬಂತು. ಕಾಲುದಾರಿ ಕೆರೆಯುವ ಪುಟ್ಟ ಟ್ರ್ಯಾಕ್ಟರುಗಳು, ಹಿಮವನ್ನೆಲ್ಲ ನಡುರಸ್ತೆಗೆ ತಳ್ಳುವ ಉದ್ದ ಅಲಗಿನ ಗಾಡಿ, ಅದನ್ನು ನುಂಗಿ ಪಕ್ಕದ ಲಾರಿಗೆ ಉಗುಳುವ ಭಾರಿ ಯಂತ್ರ, ಅದರ ಹಿಂದೆ ಲಾರಿಗಳ ಸಾಲು. ಪ್ರತಿ ಸಲವೂ ಅವರು ಎದುರು ಬದಿಯನ್ನು ಮೊದಲು ಎತ್ತಿ, ನನ್ನ ಅಂಗಡಿಯ ಬದಿಯನ್ನು ಕೊನೆಗೆ ಉಳಿಸುವುದು ವಾಡಿಕೆ. ಅಷ್ಟರಲ್ಲಿ ನನ್ನ ಗಿರಾಕಿಗಳು ಬೇರೆ ಅಂಗಡಿಯವರ ಗಿರಾಕಿಗಳಾಗಿರುತ್ತಿದ್ದರು.

ಅವತ್ತು ಯಂತ್ರದ ಚಾಲಕ ಹೊಸಬ. ಮೂಲೆಯಲ್ಲಿ ನಿಂತಿದ್ದ ಕಿತ್ತಳೆ ಕೋಟನ್ನು ಕಂಡು, ನಗರಸಭೆಯವನೇ ಇರಬೇಕೆಂದು ಕಿಟಕಿ ಇಳಿಸಿ, ಯಾವ ಬದಿ ಮೊದಲು ಎಂದು ಕೇಳಿದ. ಗದ್ದಲದಲ್ಲಿ ಫಿಲೆಮೊನ್‌ಗೆ ಅದು ಎಲ್ಲಿಗೆ ಹೊರಟಿರಿ ಎಂದು ಕೇಳಿಸಿತು. ಹಾಲಿಗೆ ಬಂದಿದ್ದ ಅವನು ಕೈಯೆತ್ತಿ ನನ್ನ ಅಂಗಡಿ ತೋರಿಸಿದ. ಚಾಲಕ ಸಲಾಮು ಹೊಡೆದು ಯಂತ್ರ ತಿರುಗಿಸಿದ. ನೋಡನೋಡುತ್ತ ನನ್ನ ಅಂಗಡಿಯ ಮುಂದೆ ಜೂನ್ ತಿಂಗಳಿನಂತೆ ಕರಿ ಡಾಂಬರು ಕಾಣಿಸಿತು. ನಾನು ಹೊರಗೆ ಓಡಿ ಫಿಲೆಮೊನ್‌ನ ಕೈ ಹಿಡಿದುಕೊಂಡು, ನಗರಸಭೆಯಲ್ಲಿ ನಿನಗೆ ಅಷ್ಟು ಪರಿಚಯವಿದೆ ಎಂದು ತಿಳಿದಿರಲಿಲ್ಲ ಮಾರಾಯ ಎಂದೆ. ಅವನು ಆಗಲೇ ಇಲ್ಲ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಬೂಟಿನ ತುದಿ ನೋಡುತ್ತ, "ಅದೇನು ಮಹಾ" ಎಂದ.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ಹಬ್ಬಿಸಿದವನು ನಾನೇ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಬಂದವರು ನಿವೃತ್ತ ಮೇಷ್ಟ್ರು ಒನೆಸಿಮ್. ಅವರು ಬೆನ್ನು ಬಗ್ಗಿಸಿ ತಮ್ಮ ಗೇಟಿನ ಹಿಮ ಸರಿಸಿ ಮುಗಿಸಿದ ಕೂಡಲೇ ಗಾಡಿ ಬಂದು ಅಲ್ಲೇ ಇನ್ನೊಂದು ದಿಬ್ಬ ತಳ್ಳಿ ಹೋಗುತ್ತದಂತೆ. ಚಾಲಕ ಬೇಕೆಂದೇ ಕಾದು ಕೂತಿರುತ್ತಾನೆ ಎಂಬುದು ಅವರ ದೃಢ ನಂಬಿಕೆ. ಫಿಲೆಮೊನ್ "ನೋಡೋಣ" ಎಂದ. ಮುಂದಿನ ಹಿಮದ ದಿನ, ಏನು ನೋಡಬೇಕೆಂದು ತಿಳಿಯದೆ, ಮೇಷ್ಟ್ರ ಗೇಟಿನ ಮುಂದೆ ಹೋಗಿ ತಲೆ ಕೆರೆಯುತ್ತ ನಿಂತ. ಅದೇ ಚಾಲಕ ಬಂದ. ಕಿತ್ತಳೆ ಕೋಟು, ಗೇಟು, ತಲೆ ಕೆರೆತ, ಮೂರನ್ನೂ ನೋಡಿ ಅವನಿಗೆ ಎದೆ ಧಸಕ್ಕೆಂದಿರಬೇಕು. ಕೆಳಗಿಳಿದು ಸಲಿಕೆಯಿಂದ ತಾನೇ ಗೇಟನ್ನು ಚೊಕ್ಕಟ ಮಾಡಿ, ಇಷ್ಟು ಸಾಕೇ ಎಂದು ಕೇಳಿದ. ಫಿಲೆಮೊನ್ ಸಾಕು ಎಂದ. ಮೇಷ್ಟ್ರು ಕಿಟಕಿಯಲ್ಲಿ ನಿಂತು ಕಣ್ಣೊರೆಸಿಕೊಂಡರು.

ಅಲ್ಲಿಂದ ಮುಂದೆ ಜೆರ್ವೆ ಮನೆಗೆ ಪಾತ್ರೆಗಳ ಮೆರವಣಿಗೆ ಶುರುವಾಯಿತು. ಒಬ್ಬರು ಮಾಂಸ ತುಂಬಿದ ತೂರ್ತಿಯೇರ್ ತಂದರು, ಒಬ್ಬರು ಸಕ್ಕರೆ ಪೈ, ಇನ್ನೊಬ್ಬರು ಮೇಪಲ್ ಪಾಕದ ಡಬ್ಬ. ಒಬ್ಬಾಕೆಗೆ ಬಸ್ ನಿಲ್ದಾಣದ ಹಿಮ ಎತ್ತಿಸಬೇಕಿತ್ತು, ಇನ್ನೊಬ್ಬನಿಗೆ ತನ್ನ ಭಾವಮೈದನ ಮನೆ ಮುಂದಿನದನ್ನು ಎತ್ತಿಸದೆ ಇರಬೇಕಿತ್ತು. ಫಿಲೆಮೊನ್ ಎಲ್ಲರಿಗೂ ನೋಡೋಣ ಎಂದ. ಗಿಸ್ಲೆನ್ ತಲೆ ಚಚ್ಚಿಕೊಂಡು, ಇವತ್ತೇ ನಿಜ ಹೇಳಿಬಿಡಿ ಅಂದಳು. ಅವನು ಹೇಳುತ್ತಿದ್ದನೋ ಏನೋ. ಆದರೆ ಅದೇ ಸಂಜೆ ಫೆರ್ನಾಂದ್ ಅಮ್ಮ ಹೀಟರಿನ ಪಕ್ಕದ ತಮ್ಮ ಕುರ್ಚಿಯಿಂದ ಎದ್ದು, "ಅಳಿಯಂದ್ರೇ, ಇಲ್ಲಿ ಕೂತ್ಕೊಳ್ಳಿ, ಹೊರಗೆ ನಿಂತು ದಣಿದಿದ್ದೀರಿ" ಅಂದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅತ್ತೆ ಅವನಿಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಕೂತವನಿಗೆ ಏಳಲು ಮನಸ್ಸು ಬರಲಿಲ್ಲ.

ಇತ್ತ ಗಾಡಿ ಚಾಲಕರ ನಡುವೆ ಬೇರೆಯೇ ಗುಸುಗುಸು. ಪಾರಾದಿ ಬೀದಿಯಲ್ಲಿ ಕೋಟು ಹಾಕಿಕೊಂಡ ಒಬ್ಬ ನಿಂತಿರುತ್ತಾನೆ, ಮಾತು ಕಡಿಮೆ, ಎಲ್ಲವನ್ನೂ ನೋಡುತ್ತಾನೆ, ಮೇಲಿನವರು ಗುಟ್ಟಾಗಿ ಕಳಿಸಿದ ಇನ್‌ಸ್ಪೆಕ್ಟರೇ ಇರಬೇಕು ಎಂದು. ಸುದ್ದಿ ನಮ್ಮ ಭಾಗದ ಹಿಮದ ಮೇಲ್ವಿಚಾರಕಿ ಮ್ಯುರಿಯೆಲ್ ಕಾಸ್ತೋಂಗೆ ಅವರ ಕಿವಿಗೂ ಬಿತ್ತು. ಎತ್ತರದ ಹೆಂಗಸು, ಅವರು ಗದರಿದರೆ ಲಾರಿಯ ಎಂಜಿನ್ ತಾನಾಗಿ ಆರುತ್ತದೆ ಎಂದು ಚಾಲಕರು ಹೇಳುತ್ತಿದ್ದರು. ಒಂದು ದಿನ ಅವರೇ ನನ್ನ ಅಂಗಡಿಗೆ ಬಂದು, ಫಿಲೆಮೊನ್‌ನನ್ನು ಕಾಫಿಗೆ ಕರೆದರು. ಕೆಲಸ ಹೇಗೆ ನಡೆಯುತ್ತಿದೆ, ತಮ್ಮ ಅಭಿಪ್ರಾಯ ಹೇಳಬೇಕು ಎಂದು ಬಹಳ ವಿನಯದಿಂದ ಕೇಳಿದರು.

ಫಿಲೆಮೊನ್ ಕಾಫಿ ಊದಿದ. ಮತ್ತೂ ಊದಿದ. ಅವನಿಗೆ ಅಭಿಪ್ರಾಯವೆಂದು ಇದ್ದದ್ದು ಜಗತ್ತಿನಲ್ಲಿ ಒಂದೇ ವಿಷಯದ ಮೇಲೆ. ಕೊನೆಗೆ ಹೇಳಿದ: "ನೋಡಿ ಅಮ್ಮಾ, ಮೇಲೆ ಮೆತ್ತಗೆ ಕಂಡ್ರೂ ಒಳಗೆ ಗಟ್ಟಿಯಿರಬೇಕು. ಅಂಚು ಕುಸೀಬಾರದು. ಜನ ಮಧ್ಯ ನೋಡಿ ಮೋಸ ಹೋಗ್ತಾರೆ, ಯಾವಾಗ್ಲೂ ಅಂಚು ನೋಡ್ಬೇಕು."

ಕಾಸ್ತೋಂಗೆ ಅದನ್ನು ಅಕ್ಷರಕ್ಷರ ಬರೆದುಕೊಂಡರು. ಮರುದಿನದಿಂದ ನಮ್ಮ ಭಾಗದ ರಸ್ತೆಗಳ ಅಂಚನ್ನು ಬ್ರೆಡ್ಡು ಕೊಯ್ದಂತೆ ನೇರವಾಗಿ ಕತ್ತರಿಸತೊಡಗಿದರು. ಮತ್ತು ಆ ಮನುಷ್ಯ ಏನು ಹೇಳಿದರೂ ಎದುರಾಡದೆ ಮಾಡಿ ಎಂದು ಚಾಲಕರಿಗೆ ಅಪ್ಪಣೆಯಾಯಿತಂತೆ.

ಹೀಗಿರುವಾಗ ರೋಜ್-ಎಮೆ ಅಮ್ಮನ ಮದುವೆ ನಿಶ್ಚಯವಾಯಿತು. ರೋಜ್-ಎಮೆಗೆ ಎಪ್ಪತ್ತೊಂದು ವರ್ಷ, ವಿಧವೆ, ಫೆರ್ನಾಂದ್ ಅಮ್ಮನ ಬಾಲ್ಯದ ಗೆಳತಿ. ವರ ಕ್ಲೋವಿಸ್, ಅಕಾರ್ಡಿಯನ್ ವಾದಕ. ವರ್ಷಾನುಗಟ್ಟಲೆಯಿಂದ ಪ್ರತಿ ಹೊಸವರ್ಷಕ್ಕೂ ಅವಳನ್ನು ಮದುವೆಯಾಗೆಂದು ಕೇಳುತ್ತಿದ್ದ, ಅವಳು ನಗುತ್ತಿದ್ದಳು. ಈ ಸಲ ನಗುತ್ತಲೇ ಹೂಂ ಅಂದುಬಿಟ್ಟಳು. ಅವಳು ಮನಸ್ಸು ಬದಲಿಸುವ ಮುಂಚೆ ಆಗಲಿ ಎಂದು ಕ್ಲೋವಿಸ್ ಫೆಬ್ರವರಿಯ ಒಂದು ಶನಿವಾರವನ್ನೇ ಹಿಡಿದ. ಚರ್ಚು ಇರುವುದು ನಮ್ಮ ಬೀದಿಯ ಆ ತುದಿಯಲ್ಲಿ. ಸುತ್ತಲ ಊರುಗಳಿಂದ ಬರುವ ನೆಂಟರ ಕಾರುಗಳೆಲ್ಲ ನಿಲ್ಲಬೇಕಾದದ್ದು ನಮ್ಮ ಬೀದಿಯಲ್ಲೇ.

ಮದುವೆಗೆ ಮೊದಲು ಹಿಮ ಸುರಿಯಿತು. ಸುರಿದು, ನಿಂತು, ಮತ್ತೆ ಸುರಿಯಿತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಹಿಮದ ದಿಬ್ಬಗಳ ಮೇಲೆಲ್ಲ ಕಿತ್ತಳೆ ಹಲಗೆಗಳನ್ನು ನೆಟ್ಟಿದ್ದರು: ಹಿಮ ಎತ್ತುವ ಕೆಲಸವಿದೆ, ಶನಿವಾರ ಇಡೀ ಹಗಲು ಇಲ್ಲಿ ಕಾರು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಟೋಯಿಂಗ್ ಗಾಡಿ ಬಂದು ಎತ್ತಿಕೊಂಡು ಹೋಗಿ ಅಕ್ಕಪಕ್ಕದ ಯಾವುದೋ ಬೀದಿಯಲ್ಲಿ ಬಿಡುತ್ತದೆ. ಎಲ್ಲಿ ಎಂಬುದನ್ನು ಹುಡುಕುವುದು ಕಾರಿನವನ ಪುಣ್ಯ.

ರೋಜ್-ಎಮೆ ಅತ್ತುಕೊಂಡು ಜೆರ್ವೆ ಮನೆಗೆ ಬಂದಳು. ಫೆರ್ನಾಂದ್ ಅಮ್ಮ ಅವಳ ಬೆನ್ನು ಸವರಿ, "ಅಳೋದ್ಯಾಕೆ? ಮನೇಲೇ ಇದ್ದಾರಲ್ಲ ಅಳಿಯಂದ್ರು. ಶನಿವಾರದ ಕೆಲಸ ಸೋಮವಾರಕ್ಕೆ ಹಾಕಿಸ್ತಾರೆ. ನಾನು ಮಾತು ಕೊಡ್ತೀನಿ" ಅಂದರು. ಎಲ್ಲರೂ ಫಿಲೆಮೊನ್ ಕಡೆ ತಿರುಗಿದರು. ಅವನ ಬಾಯಲ್ಲಿ ಸಕ್ಕರೆ ಪೈ ಇತ್ತು. ತಲೆಯಾಡಿಸಿದ. ಅದು ಹೂಂ ಎಂದೇ ದಾಖಲಾಯಿತು.

ಅವನು ಪ್ರಯತ್ನಿಸಲಿಲ್ಲ ಅನ್ನುವಂತಿಲ್ಲ. ನನ್ನ ಅಂಗಡಿಯಿಂದಲೇ ಇಲಾಖೆಗೆ ಫೋನ್ ಮಾಡಿದ. ನಿಜ ಒಪ್ಪಿಕೊಂಡು ಕಾಲು ಹಿಡಿಯುತ್ತೇನೆ ಎಂದು ನನ್ನ ಹತ್ತಿರ ಹೇಳಿಯೇ ಮಾಡಿದ್ದು. ಆದರೆ ಅತ್ತ ಕಡೆಯಿಂದ ಕಾಸ್ತೋಂಗೆ ದನಿ ತಗ್ಗಿಸಿ, ಹೇಳಿ ಸ್ವಾಮಿ, ಏನಪ್ಪಣೆ ಎಂದರು. ಫಿಲೆಮೊನ್ ಬೆವರೊರೆಸಿಕೊಂಡು, "ಚಳಿ ಜಾಸ್ತಿ ಇದೆ. ಹುಡುಗರಿಗೆ ಬಿಸಿ ಸೂಪ್ ಕೊಡ್ಸಿ" ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಅವತ್ತಿನಿಂದ ಚಾಲಕರಿಗೆಲ್ಲ ಬಟಾಣಿ ಸೂಪು ಸಿಗತೊಡಗಿತು. ಮದುವೆ ಇದ್ದಲ್ಲೇ ಇತ್ತು, ಹಲಗೆಗಳೂ ಇದ್ದಲ್ಲೇ ಇದ್ದವು.

ಶನಿವಾರ ಬಂತು. ನೆಂಟರು ಬಂದು, ಹಲಗೆ ನೋಡಿ ಹಿಂಜರಿದರೆ, ಬೀದಿಯವರೇ ಮುಂದೆ ನಿಂತು, ಅದೆಲ್ಲ ಮಾತಾಡಿ ಆಗಿದೆ, ನಿಲ್ಲಿಸಿ ಸ್ವಾಮಿ ಎಂದು ಹಲಗೆಯ ಬುಡದಲ್ಲೇ ಕಾರು ನಿಲ್ಲಿಸಿಕೊಟ್ಟರು. ಎರಡೂ ಬದಿ ಭರ್ತಿಯಾಯಿತು. ನಾನೂ ಅಂಗಡಿಗೆ ಬೀಗ ಹಾಕಿ, ಟೈ ಕಟ್ಟಿಕೊಂಡು ಹೊರಬಿದ್ದೆ. ನೋಡಿದರೆ ಬೀದಿಯ ಈ ತುದಿಯಲ್ಲಿ ಫಿಲೆಮೊನ್ ಒಬ್ಬನೇ, ಮದುವೆಯ ಸೂಟಿನ ಮೇಲೆ ಕಿತ್ತಳೆ ಕೋಟು ಹಾಕಿಕೊಂಡು, ರಣರಂಗಕ್ಕೆ ತಡವಾಗಿ ಬಂದ ಸೈನಿಕನಂತೆ ನಿಂತಿದ್ದ. ದೂರದಲ್ಲಿ ಗಾಡಿಗಳ ದಂಡು ಬರುತ್ತಿತ್ತು.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಮುಂದಿನ ಗಾಡಿ ಹತ್ತಿರ ಬಂದಾಗ ಫಿಲೆಮೊನ್ ಕಣ್ಣು ಮುಚ್ಚಿಕೊಂಡು ಎರಡೂ ಕೈ ಎತ್ತಿದ. ದಂಡು ನಿಂತಿತು. ಅಷ್ಟು ಸುಲಭವಾಗಿ ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ. ಚಾಲಕ ತಲೆ ಹೊರಹಾಕಿ, ಸೂಪು ಚೆನ್ನಾಗಿದೆ ಸಾರ್, ಈಗ ಎಲ್ಲಿಗೆ ಹೋಗೋಣ ಎಂದು ಕೇಳಿದ. ಎಲ್ಲಿಗೆ ಎಂದು ಫಿಲೆಮೊನ್‌ಗೂ ತಿಳಿದಿರಲಿಲ್ಲ. ಎಡಗಡೆ ಒಂದು ಓಣಿ ಕಂಡಿತು. ಕೈ ಆ ಕಡೆ ಹೋಯಿತು. ಪುಟ್ಟ ಟ್ರ್ಯಾಕ್ಟರುಗಳು ತಿರುಗಿದವು, ಅಲಗಿನ ಗಾಡಿ ತಿರುಗಿತು, ಭಾರಿ ಯಂತ್ರ ತಿರುಗಿತು, ಅದರ ಹಿಂದೆ ಲಾರಿಗಳು ಒಂದೊಂದಾಗಿ ಒಳಗೆ ಹೊಕ್ಕವು. ಕೊನೆಯ ಲಾರಿಯ ಬಾಲ ಮರೆಯಾದಾಗ ಫಿಲೆಮೊನ್ ನನ್ನ ಕಡೆ ತಿರುಗಿ ಉಸಿರು ಬಿಟ್ಟ. ನಾನು ಮೆಲ್ಲಗೆ ಅವನಿಗೆ ಎರಡು ಸಂಗತಿ ನೆನಪಿಸಿದೆ. ಒಂದು, ಅದು ಲಿಲಾ ಗಲ್ಲಿ, ಆ ಕಡೆಗೆ ದಾರಿಯೇ ಇಲ್ಲ. ಎರಡು, ಗಲ್ಲಿಯ ಕೊನೆಯ ಮನೆ ರೋಜ್-ಎಮೆಯ ತಂಗಿಯದು, ಮದುಮಗಳು ಬೆಳಿಗ್ಗೆಯಿಂದ ಅಲ್ಲೇ ತಲೆ ಬಾಚಿಸಿಕೊಳ್ಳುತ್ತಿದ್ದಾಳೆ.

ನಾವು ಪಕ್ಕದ ಹಿಮದ ದಿಬ್ಬ ಹತ್ತಿ ಹೋಗಿ ನೋಡುವಷ್ಟರಲ್ಲಿ ಗಲ್ಲಿ ಬಾಟಲಿಗೆ ಬಿರಡೆ ಹಾಕಿದಂತಾಗಿತ್ತು. ಮುಂದಿನ ಗಾಡಿಗೆ ಎದುರು ಹಿಮದ ಗೋಡೆ, ಹಿಂದಿನ ಗಾಡಿಗೆ ಹಿಂದೆ ಇನ್ನೊಂದು ಗಾಡಿ. ಪಕ್ಕದಲ್ಲಿ ಬೆಕ್ಕು ನುಸುಳುವಷ್ಟೂ ಜಾಗವಿಲ್ಲ. ಮೆಟ್ಟಿಲ ಮೇಲೆ ರೋಜ್-ಎಮೆ ಬಿಳಿ ಉಡುಪು, ಬಿಳಿ ತುಪ್ಪಳದ ಬೂಟು ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಫೆರ್ನಾಂದ್ ಅಮ್ಮ, ಹೆಗಲ ಮೇಲೆ ನರಿಯ ತುಪ್ಪಳದ ಹೊದಿಕೆ. ಚಾಲಕರು ಇಳಿದು ನಿಂತು, ಇನ್‌ಸ್ಪೆಕ್ಟರ್ ಸಾಹೇಬರ ಮುಂದಿನ ಅಪ್ಪಣೆಗೆ ಕಾಯುತ್ತಿದ್ದರು. ಅಷ್ಟರಲ್ಲಿ ಕಾಸ್ತೋಂಗೆ ಹಿಮದ ದಿಬ್ಬ ಹತ್ತಿ ಇಳಿದು ಏದುಸಿರು ಬಿಡುತ್ತ ಬಂದರು. ದಂಡನ್ನು ಒಮ್ಮೆ ನೋಡಿದರು, ಮದುಮಗಳನ್ನು ನೋಡಿದರು, ಕೊನೆಗೆ ಫಿಲೆಮೊನ್ ಹತ್ತಿರ ಬಂದರು.

"ಸ್ವಾಮಿ, ತಾವು ಯಾವ ಕಚೇರಿಯವರು? ಅದೊಂದು ಹೇಳ್ಬಿಡಿ."

ಫಿಲೆಮೊನ್ ಅತ್ತೆಯ ಕಡೆ ನೋಡಿದ. ಹೆಂಡತಿ ಅಲ್ಲಿರಲಿಲ್ಲ, ಚರ್ಚಿನಲ್ಲಿದ್ದಳು. ನನ್ನ ಕಡೆ ನೋಡಿದ, ನಾನು ಆಕಾಶ ನೋಡಿದೆ.

"ಹಾಸಿಗೆ ಅಂಗಡಿಯವನು ಅಮ್ಮಾ," ಅಂದ. "ಈ ಕೋಟು ಚರ್ಚಿನ ಹಳೇ ಬಟ್ಟೆ ಮಾರಾಟದಲ್ಲಿ ಸಿಕ್ತು. ಹಿಮದ ವಿಚಾರ ನನಗೆ ಏನೂ ಗೊತ್ತಿಲ್ಲ."

"ಮತ್ತೆ ಅಂಚು ಕುಸೀಬಾರದು, ಒಳಗೆ ಗಟ್ಟಿಯಿರಬೇಕು ಅಂದಿದ್ದು?"

"ಅದು ಹಾಸಿಗೆ ವಿಚಾರ."

ಕಾಸ್ತೋಂಗೆಯ ಮುಖ ನಿಧಾನವಾಗಿ ಕೆಂಪಾಯಿತು. ಆಮೇಲೆ ಅವರು ತುಂಬ ತಗ್ಗಿದ ದನಿಯಲ್ಲಿ, ನಿಮ್ಮ ದೆಸೆಯಿಂದ ನಾನು ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಅತ್ತಿತ್ತ ಹೊರಳಿ ಬೆನ್ನೆಲ್ಲ ನೋವು ಎಂದರು. ಫಿಲೆಮೊನ್ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಹಾಸಿಗೆ ಮಾರಿದ ಇಪ್ಪತ್ತು ವರ್ಷದ ಅಭ್ಯಾಸ ಮನುಷ್ಯನ ಮಾತು ಕೇಳುತ್ತದೆಯೇ?

"ಯಾವ ಮಗ್ಗುಲಲ್ಲಿ ಮಲಗ್ತೀರಿ?" ಎಂದು ಕಳಕಳಿಯಿಂದ ಕೇಳಿದ.

ಮೊದಲು ನಕ್ಕವಳು ಮದುಮಗಳು. ಅವಳ ನಗು ಶುರುವಾದರೆ ನಿಲ್ಲುವುದಲ್ಲ, ಅದಕ್ಕೇ ಕ್ಲೋವಿಸ್ ಅಷ್ಟು ವರ್ಷ ಕಾದದ್ದು. ಚಾಲಕರು ನಕ್ಕರು. ಒಬ್ಬ ಚಾಲಕ ಟೋಪಿ ತೆಗೆದು, ಹಾಸಿಗೆಯವರಾದ್ರೇನು ಮೇಡಂ, ಸೂಪು ಕೊಡ್ಸಿದ್ದು ಇವರೇ ಅಲ್ವಾ ಎಂದು ವಾದಿಸಿದ. ಕಾಸ್ತೋಂಗೆ ತಡೆದು ತಡೆದು, ಕೊನೆಗೆ ತಾವೂ ಲಾರಿಯ ಬಾಗಿಲು ಹಿಡಿದುಕೊಂಡು ನಕ್ಕುಬಿಟ್ಟರು. ಆದರೆ ಕಾನೂನು ಕಾನೂನೇ. ಕೋಟನ್ನು ಅಲ್ಲೇ ಬಿಚ್ಚಿಸಿ ಕಂಕುಳಲ್ಲಿ ಇಟ್ಟುಕೊಂಡರು. ಆ ಚಳಿಯಲ್ಲಿ ಬರೀ ಸೂಟಿನಲ್ಲಿ ಫಿಲೆಮೊನ್ ಗಡಗಡ ನಡುಗತೊಡಗಿದ. ನಗದೆ ಇದ್ದವರು ಫೆರ್ನಾಂದ್ ಅಮ್ಮ ಒಬ್ಬರೇ. ಅವರು ಮೆಟ್ಟಿಲಿಳಿದು ಅಳಿಯನ ಮುಂದೆ ಬಂದು ನಿಂತರು. ಹೊಡೆಯುತ್ತಾರೆ ಎಂದೇ ನಾನು ತಿಳಿದೆ. ಅವರು ತಮ್ಮ ನರಿಯ ಹೊದಿಕೆ ತೆಗೆದು ಅವನ ಹೆಗಲ ಮೇಲೆ ಹಾಕಿ, ಎದೆಯ ಮೇಲೆ ಗುಂಡಿ ಹಾಕಿದರು.

ಮದುಮಗಳನ್ನು ಭಾರಿ ಯಂತ್ರದ ಚಾಲಕನ ಪಕ್ಕದಲ್ಲಿ ಹತ್ತಿಸಿ ಕೂರಿಸಿದರು. ಗಲ್ಲಿಯಲ್ಲಿ ತಿರುಗಲು ಜಾಗವಿಲ್ಲ, ಆದ್ದರಿಂದ ಇಡೀ ದಂಡು ಹಿಮ್ಮುಖವಾಗಿಯೇ ಹೊರಟಿತು. ಕಾಸ್ತೋಂಗೆ ಮುಂದೆ, ಅಂದರೆ ಹಿಂದೆ, ನಿಂತು ಕೈ ಬೀಸುತ್ತ ಲಾರಿಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಎಲ್ಲ ಗಾಡಿಗಳೂ ಹಿಂದೆ ಸರಿಯುವಾಗಿನ ಪೀಂ ಪೀಂ ಸದ್ದು ಮಾಡುತ್ತ ಪಾರಾದಿ ಬೀದಿಗೆ ಬಂದವು. ಅಲ್ಲಿಗೆ ಬಂದು ನೋಡಿದರೆ ನೆಂಟರ ಕಾರು ಒಂದೂ ಇಲ್ಲ.

ಆದದ್ದಿಷ್ಟು. ಟೋಯಿಂಗ್ ಗಾಡಿಗಳು ದಂಡಿನ ಜೊತೆ ಬರುವುದಿಲ್ಲ, ಮೊದಲೇ ಬರುತ್ತವೆ, ಅದೂ ಅವತ್ತು ಚರ್ಚಿನ ಕಡೆಯಿಂದ ಬಂದಿದ್ದವು. ಕಾರು ತೆಗೆಯಿರೆಂದು ರೂಢಿಯಂತೆ ಸೈರನ್ ಕೂಗಿಸಿದ್ದರು. ಆದರೆ ಮದುಮಗಳು ತಡವಾದಳೆಂದು ನೆಂಟರನ್ನು ಖುಷಿಯಾಗಿಡಲು ಕ್ಲೋವಿಸ್‌ನ ತಂಡದವರೆಲ್ಲ ಚರ್ಚಿನೊಳಗೆ ಅಕಾರ್ಡಿಯನ್ ಬಾರಿಸುತ್ತಿದ್ದರು, ಪಾದ್ರಿಗಳು ಕಾಲಲ್ಲಿ ತಾಳ ಹಾಕುತ್ತಿದ್ದರು. ಸೈರನ್ ಯಾರ ಕಿವಿಗೂ ಬೀಳಲಿಲ್ಲ. ಹೀಗೆ ಫಿಲೆಮೊನ್‌ನ ಕೃಪೆಯಿಂದ ನಮ್ಮ ಬೀದಿಯಲ್ಲಿ ಹಿಮ ಪೂರ್ತಿ ಉಳಿದಿತ್ತು, ಕಾರುಗಳು ಪೂರ್ತಿ ಹೋಗಿದ್ದವು.

ಪೀಂ ಪೀಂ ಕೇಳಿ ಎಲ್ಲರೂ ಚರ್ಚಿನ ಮೆಟ್ಟಿಲಿಗೆ ಬಂದರು. ಹಿಮ್ಮುಖವಾಗಿ ಬಂದ ಯಂತ್ರದಿಂದ ಮೊದಲು ಹೊಗೆ, ಆಮೇಲೆ ಬಿಳಿ ಬೂಟು, ಆಮೇಲೆ ರೋಜ್-ಎಮೆ ಇಳಿದಳು. ಕ್ಲೋವಿಸ್ ಅಕಾರ್ಡಿಯನ್ ಎತ್ತಿಕೊಂಡು ಆ ಪೀಂ ಪೀಂ ತಾಳಕ್ಕೇ ಸರಿಯಾಗಿ ನುಡಿಸುತ್ತ ಅವಳನ್ನು ಒಳಗೆ ಕರೆದೊಯ್ದ. ಚಾಲಕರನ್ನೂ ಬಿಡಲಿಲ್ಲ. ಅವರು ಹಿಂದಿನ ಬೆಂಚಿನಲ್ಲಿ ಬೂಟಿನ ಹಿಮ ಕರಗಿಸುತ್ತ ಕೂತರು. ಕಾಸ್ತೋಂಗೆ ಅತ್ತರು, ಯಾಕೆಂದು ಯಾರೂ ಕೇಳಲಿಲ್ಲ.

ಮದುವೆ ಮುಗಿದ ಮೇಲೆ ಎಲ್ಲರೂ ಮೊಣಕಾಲುದ್ದ ಹಿಮದಲ್ಲಿ ನಡೆದೇ ಊಟದ ಮನೆಗೆ ಹೋದೆವು. ಉಂಡು, ಕುಡಿದು, ಕುಣಿದ ಮೇಲೆ ಕಾರು ಹುಡುಕುವ ಕೆಲಸ ಶುರುವಾಯಿತು. ಇನ್ನೂ ಬೆಳಕಿತ್ತು. ನೆಂಟರು ಗುಂಪು ಗುಂಪಾಗಿ ಅಕ್ಕಪಕ್ಕದ ಬೀದಿಗಳಲ್ಲಿ ಕೀಲಿ ಮುಂದೆ ಚಾಚಿ ಗುಂಡಿ ಒತ್ತುತ್ತ ಅಲೆದರು. ಎಲ್ಲೋ ಒಂದು ಕಡೆ ಹಿಮದೊಳಗಿಂದ ಕಾರು ಕುಂಯ್ ಅನ್ನುತ್ತಿತ್ತು, ಆ ಗುಂಪಿನವರು ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರು ಒನೆಸಿಮ್ ತಮ್ಮ ಕಾರು ಗೇಟಿನೊಳಗೇ ಇದ್ದರೂ ಸುಮ್ಮನೆ ಎಲ್ಲರ ಜೊತೆ ಅಲೆದರು.

ಫೆರ್ನಾಂದ್ ಅಮ್ಮನ ಪುಟ್ಟ ಹಸಿರು ಕಾರೂ ಹೋಗಿತ್ತು. ಅವರು ಅಳಿಯನ ತೋಳು ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದರು, ಗಿಸ್ಲೆನ್ ಮತ್ತು ನಾನು ಹಿಂದೆ. ಎದುರಿಗೆ ಕ್ಲೋವಿಸ್‌ನ ಕಡೆಯ ಒಬ್ಬ ನೆಂಟ ಸಿಕ್ಕಿದ. ಪರ ಊರಿನವನು, ಕೈಯಲ್ಲಿ ಕೀಲಿ. ಹೆಂಗಸರ ನರಿ ತುಪ್ಪಳ ಹೊದ್ದು ಬರುತ್ತಿದ್ದ ಗುಂಡು ಮುಖದ ಗಂಡಸನ್ನು ಕಂಡು ಅವನಿಗೆ ವಿಸ್ಮಯವಾಗಿರಬೇಕು. ತಡೆಯಲಾರದೆ, ಇವರು ಯಾರು ಎಂದು ಫೆರ್ನಾಂದ್ ಅಮ್ಮನನ್ನು ಕೇಳಿದ.

ಫಿಲೆಮೊನ್ ತಲೆ ತಗ್ಗಿಸಿದ. ಅತ್ತೆ ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಬೆನ್ನು ನೆಟ್ಟಗೆ ಮಾಡಿ ಹೇಳಿದರು:

"ಇವರಾ? ಊರಿನ ಹಿಮದ ಗಾಡಿಗಳನ್ನೆಲ್ಲ ಬರೀ ಕೈಯಲ್ಲಿ ನಿಲ್ಲಿಸಿದವರು. ನನ್ನ ಅಳಿಯ, ಫಿಲೆಮೊನ್."